ತಿಥಿ ಗೊತ್ತು, ತಾರೀಕು ಗೊತ್ತಿಲ್ಲ

"ಛಬ್ಬೀಸ್-ವಬ್ಬೀಸ್ ಹೋಗಾ ಸಾಬ್" ಎಂದು ನನ್ನ ಚಿಕ್ಕಮ್ಮ ಕೋರ್ಟಿನಲ್ಲಿ ಹೇಳಿದ ಮಾತು ದಾಖಲೆಯಲ್ಲಿ "ದಿ. 26 ಸೆಪ್ಟೆಂಬರ್ 2018" ಎಂದಾಯಿತು. ವಬ್ಬೀಸ್ ಎಲ್ಲಿ ಹೋಯಿತೋ ಗೊತ್ತಿಲ್ಲ. ಕನ್ನಡದಲ್ಲಿ ಹೇಳಿದ್ದರೆ "ಇಪ್ಪತ್ತಾರೋ ಏನೋ" ಎನ್ನುತ್ತಿದ್ದಳು, ಆಗ ಆ 'ಏನೋ' ಕೂಡ ಹಾಗೆಯೇ ಬಿದ್ದುಹೋಗುತ್ತಿತ್ತು. ಅನುಮಾನವನ್ನು ಟೈಪ್ ಮಾಡುವ ಕೀಲಿ ಆ ಕಂಪ್ಯೂಟರಿನಲ್ಲಿ ಇರಲಿಲ್ಲ. ಮ್ಯಾಜಿಸ್ಟ್ರೇಟರು ಮರಾಠಿಯಲ್ಲಿ ಹೇಳಿ ಬರೆಸಿದರು, ಹುಡುಗಿ ಟೈಪ್ ಮಾಡಿದಳು, ಚಿಕ್ಕಮ್ಮ ಕೆಳಗೆ ಕನ್ನಡದಲ್ಲಿ ಸಹಿ ಹಾಕಿದಳು. ಐದು ವರ್ಷ ಕಾದ ಕೇಸು ಆ ಒಂದು ಸಾಲಿನಲ್ಲಿ ಅರ್ಧ ಕುಸಿಯಿತು.

ಕೇಸು ದೊಡ್ಡದೇನಲ್ಲ. ಮಲಾಡ್ ಪಶ್ಚಿಮದ ಹಳೆಯ ನಾಲ್ಕು ಮಹಡಿಯ ಕಟ್ಟಡದ ಎರಡನೇ ಮಹಡಿಯಲ್ಲಿ ಚಿಕ್ಕಪ್ಪನ ಮನೆ. ಕುಂದಾಪುರದ ಕಡೆಯಿಂದ ಹದಿನೇಳನೇ ವಯಸ್ಸಿಗೆ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ಮಾಣಿಯಾಗಿ, ಗಲ್ಲೆಯಲ್ಲಿ ಕೂತು, ಕೊನೆಗೆ ತನ್ನದೇ ಪುಟ್ಟ ಕ್ಯಾಂಟೀನು ನಡೆಸಿದ ಮನುಷ್ಯ. ಅಂಥವರ ಕಥೆ ನಿಮಗೆಲ್ಲ ಗೊತ್ತಿರುವುದೇ, ಪ್ರತಿ ಮುಂಬಯಿ ಕನ್ನಡಿಗನ ಮನೆಯಲ್ಲೂ ಅಂಥ ಒಬ್ಬ ಚಿಕ್ಕಪ್ಪನೋ ಮಾವನೋ ಇರುತ್ತಾನೆ. ನಾನು ಮೈಂಡ್‌ಸ್ಪೇಸ್‌ನಲ್ಲಿ ಕೆಲಸಕ್ಕೆ ಸೇರಿದ ಮೊದಲೆರಡು ವರ್ಷ ಇದ್ದದ್ದು ಅವರ ಹಾಲ್‌ನಲ್ಲೇ. 2018ರ ಅಕ್ಟೋಬರ್ ಮೊದಲ ವಾರ ಅವರಿಬ್ಬರೂ ಮಹಾಲಯಕ್ಕೆಂದು ಊರಿಗೆ ಹೋಗಿದ್ದರು. ಬುಧವಾರ 3ನೇ ತಾರೀಕು ಮತ್ಸ್ಯಗಂಧ ಹತ್ತಿದವರು, ಮಂಗಳವಾರ 9ರ ಬೆಳಿಗ್ಗೆ ಮರಳಿ ಬಂದಾಗ ಬಾಗಿಲಿನ ಚಿಲಕ ಕಿತ್ತಿತ್ತು. ಕಪಾಟಿನಲ್ಲಿದ್ದ ನಾಲ್ಕು ಬಳೆ, ಒಂದು ಸರ, ಸ್ವಲ್ಪ ನಗದು ಹೋಗಿತ್ತು. ಬಳೆ ಅವಳ ತಾಯಿಯದು, ಅಂದರೆ ನನ್ನ ಅಜ್ಜಿಯದು.

ಆ ದಿನಗಳಲ್ಲಿ ಕಟ್ಟಡಕ್ಕೆ ಬಣ್ಣ ಹೊಡೆಯುವ ಕೆಲಸ ನಡೆದಿತ್ತು. ರಾತ್ರಿ ಕಾವಲುಗಾರ, ಉತ್ತರ ಪ್ರದೇಶದ ಮುದುಕ, ಪೇಂಟರ್ ಹುಡುಗರಲ್ಲಿ ಒಬ್ಬನನ್ನು ನಡುರಾತ್ರಿ ಚೀಲ ಹಿಡಿದು ಹೋಗುವುದನ್ನು ನೋಡಿದೆ ಎಂದ. ಹುಡುಗನನ್ನು ಹಿಡಿದರು. ಅವನೇ ತೋರಿಸಿದ ಎಂದು ಹೇಳಿ ಒಂದು ಸಣ್ಣ ಚಿನ್ನದಂಗಡಿಯಿಂದ ಬಳೆಗಳನ್ನು ವಶಪಡಿಸಿಕೊಂಡರು. ಅಂಗಡಿಯವನ ಪುಸ್ತಕದಲ್ಲಿ ಅಕ್ಟೋಬರ್ 8ರ ಖರೀದಿ ಇತ್ತು, ಮಾರಿದವನ ಹೆಸರು ಮಾತ್ರ ಯಾರಿಗೂ ಸಿಗದ ಹೆಸರು. ಸರ ಸಿಗಲೇ ಇಲ್ಲ. ಹುಡುಗನ ಮೇಲೆ ಮನೆ ಒಡೆದು ಕಳವು ಮಾಡಿದ ಆರೋಪ, ಅಂಗಡಿಯವನ ಮೇಲೆ ಕಳವಿನ ಮಾಲು ಎಂದು ಗೊತ್ತಿದ್ದೂ ಕೊಂಡ ಆರೋಪ. ಭಾರತೀಯ ದಂಡ ಸಂಹಿತೆಯ 411ನೇ ಕಲಮು, ಮೂರು ವರ್ಷದವರೆಗೆ ಶಿಕ್ಷೆ. 2024ರ ಜುಲೈ 1ರಿಂದ ಬಂದ ಹೊಸ ನ್ಯಾಯ ಸಂಹಿತೆಯಲ್ಲಿ ಅದೇ 317 ಆಗಿದೆ. ನಮ್ಮ ಕೇಸು ಹಳೆಯ ನಂಬರಿನದು.

ದೂರು ಕೊಟ್ಟವನು ಚಿಕ್ಕಪ್ಪ. ಲೆಕ್ಕದ ಮನುಷ್ಯ, ತಾರೀಕುಗಳೆಲ್ಲ ಅವನ ನಾಲಿಗೆಯ ತುದಿಯಲ್ಲಿ. ಅವನು ಕಟಕಟೆ ಹತ್ತಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಕೇಸು ಸರದಿಗೆ ಬರುವ ಹೊತ್ತಿಗೆ ಕೊರೋನಾ ಬಂತು, ಕೋರ್ಟು ಮುಚ್ಚಿತು, ತೆರೆಯಿತು, ಮತ್ತೆ ಅರ್ಧ ಮುಚ್ಚಿತು. 2021ರಲ್ಲಿ ಚಿಕ್ಕಪ್ಪ ಹೋದ. ಸತ್ತವನು ಬರೆಸಿದ ದೂರು ತನ್ನಷ್ಟಕ್ಕೆ ಪುರಾವೆಯಾಗುವುದಿಲ್ಲ, ಯಾರಾದರೂ ನಿಂತು ಬಾಯಲ್ಲಿ ಹೇಳಬೇಕು. ಹೇಳಬೇಕಾದವಳು ಚಿಕ್ಕಮ್ಮ. ಅವಳಿಗೆ ಆಗ ಅರವತ್ತೆಂಟು.

ಅವಳ ನೆನಪು ಮಂದವೆಂದು ತಿಳಿಯಬೇಡಿ. ಊರಿನ ನಮ್ಮ ಕುಟುಂಬದ ನಲವತ್ತು ಜನರ ಜನ್ಮನಕ್ಷತ್ರ, ಹೋದವರ ತಿಥಿ, ಯಾರ ಮದುವೆಯಲ್ಲಿ ಹೋಳಿಗೆ ಸೀದಿತ್ತು, ಎಲ್ಲ ಅವಳಲ್ಲಿದೆ. ಕಳವಾದ ರಾತ್ರಿಯನ್ನೂ ಅವಳು ಮರೆತಿರಲಿಲ್ಲ. ಭಾದ್ರಪದ ಬಹುಳ ದ್ವಾದಶಿ, ಅವಳ ಮಾವನವರ ಮಹಾಲಯ ಶ್ರಾದ್ಧದ ದಿನ. ಊರಿನಲ್ಲಿ ಪಿಂಡ ಇಟ್ಟು, ಕಾಗೆ ಬರಲು ತಡವಾಗಿ, ಊಟಕ್ಕೆ ಕೂರುವಾಗ ಮೂರು ಗಂಟೆ. ಅದೇ ರಾತ್ರಿ ಇಲ್ಲಿ ಬಾಗಿಲು ಒಡೆದಿದ್ದಾರೆ ಎಂದು ಆಮೇಲೆ ಕಾವಲುಗಾರನಿಂದ ತಿಳಿದದ್ದು. ಇಷ್ಟು ಗಟ್ಟಿಯಾಗಿ ಗೊತ್ತಿದ್ದವಳಿಗೆ "ತಾರೀಕು ಹೇಳಿ" ಎಂದರು.

2018ರಲ್ಲಿ ಅಧಿಕ ಜ್ಯೇಷ್ಠ ಬಂದಿತ್ತು, ಹಾಗಾಗಿ ಆ ವರ್ಷ ಹಬ್ಬಗಳೆಲ್ಲ ತಡ. ಗಣೇಶ ಚತುರ್ಥಿಯೇ ಸೆಪ್ಟೆಂಬರ್ 13ಕ್ಕೆ. ಆ ದ್ವಾದಶಿ ಬಿದ್ದದ್ದು ಅಕ್ಟೋಬರ್ 6ರ ಶನಿವಾರ. ಮರುವರ್ಷ ಚಾಂದ್ರಮಾನದ ಲೆಕ್ಕದಂತೆ ಹನ್ನೊಂದು ದಿನ ಹಿಂದೆ ಸರಿದು ಅದೇ ತಿಥಿ ಸೆಪ್ಟೆಂಬರ್ ಕೊನೆಯ ವಾರಕ್ಕೆ ಬಂತು. 2019ರಲ್ಲೂ ಅವರು ಊರಿಗೆ ಹೋಗಿದ್ದರು. ಚಿಕ್ಕಪ್ಪನ ಜೊತೆ ಹೋದ ಕೊನೆಯ ಮಹಾಲಯ ಅದು. ಮರುವರ್ಷ ರೈಲೇ ಇರಲಿಲ್ಲ. ಎರಡು ಪ್ರಯಾಣ, ಒಂದೇ ತಿಥಿ, ಒಂದೇ ರೈಲು, ಅದೇ ಪುರೋಹಿತರು. ಅವಳ ತಲೆಯಲ್ಲಿ ಕಳವು ಒಂದು ವರ್ಷದ್ದು, ತಾರೀಕು ಇನ್ನೊಂದು ವರ್ಷದ್ದು ಅಂಟಿಕೊಂಡಿತು.

ಇದರಿಂದ ಏನಾಯಿತು ಎಂದರೆ, ಪೇಂಟರ್ ಹುಡುಗನ ವಕೀಲರು ಒಂದು ರೈಲು ಟಿಕೆಟ್ ತೆಗೆದು ಮೇಜಿನ ಮೇಲಿಟ್ಟರು. ಹುಡುಗ ತನ್ನ ಊರಿನಿಂದ ಮುಂಬಯಿಗೆ ಬಂದಿಳಿದದ್ದೇ ಸೆಪ್ಟೆಂಬರ್ 30ಕ್ಕೆ. 26ಕ್ಕೆ ಕಳವಾಗಿದ್ದರೆ ಅವನು ಸಾವಿರ ಮೈಲಿ ದೂರ. ಆಮೇಲೆ ವಕೀಲರು ಮೆಲ್ಲಗೆ ಕೇಳಿದರು: "26ಕ್ಕೆ ಕಳವಾದರೆ 9ರವರೆಗೆ ಯಾಕೆ ಸುಮ್ಮನಿದ್ದಿರಿ? ಅಥವಾ ಕಳವೇ ಆಗಿಲ್ಲವೋ? ನೀವು ಸುಳ್ಳು ಹೇಳುತ್ತಿದ್ದೀರಿ ಎಂದು ನಾನು ಸೂಚಿಸುತ್ತೇನೆ." ಅದು ಕೋರ್ಟಿನ ರೂಢಿಯ ಮಾತು, ಎಲ್ಲ ವಕೀಲರೂ ಎಲ್ಲ ಸಾಕ್ಷಿಗಳಿಗೂ ಹೇಳುತ್ತಾರೆ. ಚಿಕ್ಕಮ್ಮನಿಗೆ ಅದು ಗೊತ್ತಿಲ್ಲ. ಅರವತ್ತೆಂಟು ವರ್ಷದಲ್ಲಿ ಮುಖಕ್ಕೆ ಮುಖ ಕೊಟ್ಟು ಸುಳ್ಳಿ ಎಂದು ಯಾರೂ ಕರೆದಿರಲಿಲ್ಲ. ಸರ್ಕಾರಿ ವಕೀಲರು ಫೈಲಿನಲ್ಲಿದ್ದ ಅವಳ ಹಳೆಯ ಹೇಳಿಕೆಯ ಕಡೆ ಒಮ್ಮೆ ಕಣ್ಣು ಹಾಯಿಸಿದ್ದರೆ ಸಾಕಿತ್ತು. ಅವರ ಕೈಯಲ್ಲಿ ಆ ದಿನ ಇನ್ನೂ ಹದಿನಾಲ್ಕು ಕೇಸುಗಳ ಫೈಲಿತ್ತು.

ಎಸ್.ವಿ. ರೋಡಿನ ಟ್ರಾಫಿಕ್ಕಿನಲ್ಲಿ ರಿಕ್ಷಾದೊಳಗೆ ಅವಳು ಒಂದೇ ಮಾತು ಹೇಳಿದಳು. "ನಂಗೆ ತಿಥಿ ಗೊತ್ತಿತ್ತ್ ಮಾಣಿ. ತಾರೀಕ್ ಗೊತ್ತಿಲ್ಲೆ. ಅದಕ್ಕೆ ಸುಳ್ಳ್ ಅಂದ್ರೆ ಹ್ಯಾಂಗೆ?"

ಆ ಪ್ರಶ್ನೆಯನ್ನು ನಾನು ಮನೆಗೆ ಒಯ್ದೆ. ಕಾನೂನು ಓದಿದವನಲ್ಲ ನಾನು, ಲೆಕ್ಕಪತ್ರದವನು. ಆದರೂ ಹುಡುಕಿದೆ. ಮೊದಲು ಸಿಕ್ಕಿದ್ದು ಡಚ್ ಮನಃಶಾಸ್ತ್ರಜ್ಞ ವಿಲ್ಲೆಮ್ ವಾಗೆನಾರ್. ಆತ ಆರು ವರ್ಷ ಪ್ರತಿದಿನ ತನಗಾದ ಘಟನೆಗಳನ್ನು ನಾಲ್ಕು ಭಾಗ ಮಾಡಿ ಬರೆದಿಟ್ಟ: ಏನು, ಯಾರು, ಎಲ್ಲಿ, ಯಾವಾಗ. ಸುಮಾರು 2400 ಘಟನೆಗಳು. ಆಮೇಲೆ ಒಂದೊಂದೇ ಸುಳಿವು ಕೊಟ್ಟುಕೊಂಡು ಉಳಿದದ್ದು ನೆನಪಾಗುತ್ತದೆಯೇ ಎಂದು ತನ್ನನ್ನೇ ಪರೀಕ್ಷಿಸಿಕೊಂಡ. 1986ರಲ್ಲಿ ಅದನ್ನು ಪ್ರಕಟಿಸಿದ. 'ಏನು' ಎಂಬುದು ಎಲ್ಲಕ್ಕಿಂತ ಒಳ್ಳೆಯ ಸುಳಿವು. 'ಯಾವಾಗ' ಎಂಬುದು ಹೆಚ್ಚುಕಡಿಮೆ ನಿಷ್ಪ್ರಯೋಜಕ. ತಾರೀಕು ಎಂಬುದು ನೆನಪಿನೊಳಗೆ ಇರುವುದೇ ಇಲ್ಲ, ನಾವು ಅದನ್ನು ಆಮೇಲೆ ಲೆಕ್ಕ ಹಾಕಿ ಅಂಟಿಸುತ್ತೇವೆ. ಮಳೆ ಇತ್ತು, ಮಗುವಿನ ಪರೀಕ್ಷೆ ಮುಗಿದಿತ್ತು, ಸಂಬಳ ಆಗಿರಲಿಲ್ಲ, ಹಾಗಾದರೆ ತಿಂಗಳ ಕೊನೆ, ಹೀಗೆ. ಚಿಕ್ಕಮ್ಮನ ಲೆಕ್ಕದ ಮೊಳೆ ತಿಥಿ. ಮೊಳೆ ಗಟ್ಟಿಯೇ ಇತ್ತು, ಅದಕ್ಕೆ ಬೇರೆ ವರ್ಷದ ಕ್ಯಾಲೆಂಡರ್ ನೇತುಹಾಕಿದ್ದಳು ಅಷ್ಟೆ.

ನಮ್ಮ ಸುಪ್ರೀಂ ಕೋರ್ಟಿಗೆ ಇದು ಹೊಸ ಸಂಗತಿಯಲ್ಲ. 1983ರಲ್ಲಿ ಗುಜರಾತಿನ ಭರವಾಡ ಭೋಗಿನಭಾಯಿ ಪ್ರಕರಣದಲ್ಲಿ ನ್ಯಾಯಮೂರ್ತಿ ಎಂ.ಪಿ. ಠಕ್ಕರ್ ಸಾಕ್ಷಿಗಳ ಬಗ್ಗೆ ಬರೆದದ್ದನ್ನು ಇವತ್ತಿಗೂ ಕೆಳಗಿನ ಕೋರ್ಟುಗಳಲ್ಲಿ ದಿನವೂ ಓದುತ್ತಾರೆ. ಮನುಷ್ಯನ ತಲೆಯೊಳಗೆ ವಿಡಿಯೋ ಟೇಪು ಓಡುವುದಿಲ್ಲ, ಒಬ್ಬನು ಗಮನಿಸಿದ್ದನ್ನು ಇನ್ನೊಬ್ಬ ಗಮನಿಸುವುದಿಲ್ಲ, ಹೊತ್ತು-ಗಳಿಗೆ ಕೇಳಿದರೆ ಜನ ಆ ಕ್ಷಣದಲ್ಲಿ ಅಂದಾಜು ಹೇಳುತ್ತಾರೆ, ಕೋರ್ಟಿನ ವಾತಾವರಣಕ್ಕೇ ಹೆದರಿ ಗೊಂದಲವಾಗುತ್ತಾರೆ. ಇದು ಅವರ ಮಾತಿನ ಸಾರ. ಅಂಥ ಸಣ್ಣ ವ್ಯತ್ಯಾಸಕ್ಕೆ ಇಡೀ ಸಾಕ್ಷ್ಯವನ್ನು ಎಸೆಯಬಾರದು ಎಂದು.

ಅದೇ ವರ್ಷದ ಇನ್ನೊಂದು ತೀರ್ಪು ನಮ್ಮ ರಾಜ್ಯದ್ದೇ: ಈರಭದ್ರಪ್ಪ ಮತ್ತು ಕರ್ನಾಟಕ ರಾಜ್ಯದ ನಡುವಿನದು. ಕಳವಿನ ಮಾಲಿನ ಕೇಸುಗಳಲ್ಲಿ ತಾರೀಕು ಯಾಕೆ ಪ್ರಾಣದಂತೆ ಎಂದು ನನಗೆ ಅರ್ಥವಾದದ್ದು ಅದನ್ನು ಓದಿದ ಮೇಲೆ. ಹಳೆಯ ಸಾಕ್ಷ್ಯ ಅಧಿನಿಯಮದ 114ನೇ ಕಲಮಿನಲ್ಲಿ ಒಂದು ದೃಷ್ಟಾಂತ ಇದೆ. ಕಳವಾದ 'ಸ್ವಲ್ಪದರಲ್ಲೇ' ಆ ಮಾಲು ಯಾರ ಕೈಯಲ್ಲಿ ಸಿಗುತ್ತದೋ ಅವನು ಕಳ್ಳ, ಇಲ್ಲವೇ ಕಳವಿನದೆಂದು ತಿಳಿದೇ ಪಡೆದವನು ಎಂದು ಕೋರ್ಟು ಭಾವಿಸಬಹುದು, ಅವನು ಸರಿಯಾದ ವಿವರಣೆ ಕೊಡದಿದ್ದರೆ. ಆ 'ಸ್ವಲ್ಪ' ಎಷ್ಟು? ಈರಭದ್ರಪ್ಪನ ಪ್ರಕರಣದಲ್ಲಿ ಒಡತಿಯ ಕೊಲೆಯಾಗಿ, ಚಿನ್ನ ಕಳವಾದದ್ದು 1979ರ ಮಾರ್ಚಿನಲ್ಲಿ. ಮನೆಗೆಲಸಕ್ಕಿದ್ದ ಆತ ಸಿಕ್ಕಿದ್ದು ಒಂದು ವರ್ಷ ಕಳೆದ ಮೇಲೆ. ನಿಗದಿತ ಕಾಲಮಿತಿ ಎಂಬುದಿಲ್ಲ, ಮಾಲು ಕೈಯಿಂದ ಕೈಗೆ ಸುಲಭವಾಗಿ ದಾಟುವಂಥದ್ದೇ, ಆರೋಪಿ ತಲೆಮರೆಸಿಕೊಂಡಿದ್ದನೇ ಎಂದೆಲ್ಲ ನೋಡಬೇಕು ಎಂದಿತು ಕೋರ್ಟು. ಒಂದು ವರ್ಷವೂ ಅಲ್ಲಿ 'ಸ್ವಲ್ಪ'ವಾಯಿತು. ಗಲ್ಲನ್ನು ಜೀವಾವಧಿಗೆ ಇಳಿಸಿದರು. ಅದೇ ತೀರ್ಪಿನಲ್ಲಿ ಹೆಂಗಸರು ತಮ್ಮ ಒಡವೆಯನ್ನು ಗುರುತಿಸುವುದರಲ್ಲಿ ವಿಚಿತ್ರವಾದ ನಿಪುಣರು ಎಂಬ ಮಾತೂ ಇದೆ. ಚಿಕ್ಕಮ್ಮನಿಗೆ ಅದನ್ನು ಓದಿ ಹೇಳಿದೆ. "ಮತ್ತೆಂತ, ಎರಡನೇ ಬಳೆಗೆ ಒರಳು ತಾಗಿ ನೆಗ್ಗಿದ್ದಿತ್ತ್, ನಾನ್ ಕಣ್ಣ್ ಮುಚ್ಚಿ ಹೇಳುವೆ" ಎಂದಳು. ಬಳೆ ಗುರುತಿಸುವಲ್ಲಿ ಅವಳನ್ನು ಯಾರೂ ಅಲ್ಲಾಡಿಸಿರಲಿಲ್ಲ.

ಇನ್ನು ಉಳಿದ ಸಾಕ್ಷಿಗಳ ಕಥೆ. ನಾನು ಪ್ರತಿ ಸಲ ರಜೆ ಹಾಕಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಮಲಾಡ್ ಎಂದರೆ ಎಷ್ಟು ಕ್ಯಾಲೆಂಡರ್‌ಗಳು ಒಟ್ಟಿಗೆ ಬದುಕುವ ಊರು ಎಂದು ಗೊತ್ತಾದದ್ದು ಅಲ್ಲಿ.

ಕಾವಲುಗಾರನನ್ನು ಯಾವ ತಿಂಗಳು ಎಂದು ಕೇಳಿದರು. "ಕುವಾರ್" ಎಂದ. ಕುವಾರ್ ಎಂದರೆ ಆಶ್ವಿನ. ಚಿಕ್ಕಮ್ಮ ಹೇಳಿದ್ದು ಭಾದ್ರಪದ. ಪಕ್ಕಪಕ್ಕದಲ್ಲಿಟ್ಟರೆ ಒಂದು ತಿಂಗಳ ವಿರೋಧ. ಆದರೆ ಇಬ್ಬರೂ ಹೇಳಿದ್ದು ಒಂದೇ ರಾತ್ರಿಯನ್ನು! ನಮ್ಮಲ್ಲಿ, ಮರಾಠಿ-ಗುಜರಾತಿಗಳಲ್ಲಿ, ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ. ಉತ್ತರದವರಲ್ಲಿ ಹುಣ್ಣಿಮೆಗೆ. ಆದ್ದರಿಂದ ಶುಕ್ಲಪಕ್ಷದಲ್ಲಿ ಎಲ್ಲರಿಗೂ ಒಂದೇ ತಿಂಗಳು, ಕೃಷ್ಣಪಕ್ಷದಲ್ಲಿ ಅವರು ನಮಗಿಂತ ಒಂದು ಹೆಸರು ಮುಂದೆ. ನಮ್ಮ ಪಿತೃಪಕ್ಷ ಭಾದ್ರಪದದಲ್ಲಿ, ಅವರದು ಆಶ್ವಿನದಲ್ಲಿ, ಕಾಗೆಗೆ ಅನ್ನ ಇಡುವ ದಿನ ಮಾತ್ರ ಒಂದೇ. ಹೋಟೆಲಿನಲ್ಲಿ, ಲೋಕಲ್ ರೈಲಿನಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಕಟಕಟೆಯಲ್ಲಿ ಮಾತ್ರ ಇದು "ಸಾಕ್ಷಿಗಳ ಹೇಳಿಕೆಯಲ್ಲಿ ಗಂಭೀರ ವಿರೋಧಾಭಾಸ".

ಅದಕ್ಕಿಂತ ದೊಡ್ಡ ತೊಡಕು ಗಂಟೆಯದು. ಕಾವಲುಗಾರ ಮೊದಲ ದಿನದಿಂದ ಹೇಳುತ್ತ ಬಂದದ್ದು "ಶನಿವಾರ ರಾತ್ರಿ ಎರಡು ಗಂಟೆ". ಠಾಣೆಯಲ್ಲಿ ಬರೆದುಕೊಂಡವರು ಶನಿವಾರ ಎಂದರೆ 6, ರಾತ್ರಿ ಎರಡು ಎಂದರೆ 02.00, ಸೇರಿಸಿ "ದಿ. 6-10-2018, 02.00" ಎಂದು ಬರೆದರು. ಗಡಿಯಾರದ ಪ್ರಕಾರ ಅದು ಶುಕ್ರವಾರ ರಾತ್ರಿ. ಮುದುಕನಿಗೆ ದಿನ ಬದಲಾಗುವುದು ಸೂರ್ಯ ಹುಟ್ಟಿದಾಗ. ನಮ್ಮ ಪಂಚಾಂಗಕ್ಕೂ ಹಾಗೆಯೇ. ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವ ನನ್ನ ಸಹೋದ್ಯೋಗಿಗಳನ್ನು ಕೇಳಿ, ಬೆಳಗಿನ ಎರಡಕ್ಕೆ ಅವರಿಗೂ ಇನ್ನೂ ನಿನ್ನೆಯೇ ನಡೆಯುತ್ತಿರುತ್ತದೆ. ಈ ಇಪ್ಪತ್ನಾಲ್ಕು ಗಂಟೆ ಯಾಕೆ ಮುಖ್ಯ? ಶುಕ್ರವಾರ ರಾತ್ರಿ ಆ ಹುಡುಗನ ಜೊತೆಗಾರನೊಬ್ಬ ಪರಾಂಚಿಯಿಂದ ಬಿದ್ದಿದ್ದ. ಅವನನ್ನು ಆಸ್ಪತ್ರೆಗೆ ಸೇರಿಸಿ ಬೆಳಗಿನವರೆಗೆ ಅಲ್ಲೇ ಕೂತವನು ಇದೇ ಹುಡುಗ. ರಿಜಿಸ್ಟರಿನಲ್ಲಿ ಅವನ ಹೆಸರಿತ್ತು. ಪೊಲೀಸರ ಕಾಗದದ ಪ್ರಕಾರ ಕಳವು ನಡೆದ ಗಳಿಗೆಯಲ್ಲಿ ಅವನು ಆಸ್ಪತ್ರೆಯ ಬೆಂಚಿನ ಮೇಲಿದ್ದ. ಮುದುಕನ ಮಾತಿನ ಪ್ರಕಾರ ಅದು ಮರುದಿನದ ರಾತ್ರಿ, ಆಗ ಅವನು ಎಲ್ಲಿದ್ದ ಎನ್ನುವುದಕ್ಕೆ ಯಾವ ಕಾಗದವೂ ಇಲ್ಲ. ಬಡವರ ಮಾಮೂಲಿ ರಾತ್ರಿಗಳಿಗೆ ರಿಜಿಸ್ಟರು ಇರುವುದಿಲ್ಲವಲ್ಲ.

ಮೂರನೆಯವನು ಪಂಚ, ಮಾಲ್ವಣಿಯ ಕಡೆಯ ಚಹಾದವನು. ಅಂಗಡಿಯಿಂದ ಬಳೆ ವಶಪಡಿಸಿಕೊಂಡಾಗ ನೋಡಿದ್ದಕ್ಕೆ ಸಾಕ್ಷಿ. ಪಂಚನಾಮೆ ಅಕ್ಟೋಬರ್ 25ರದು. ಯಾವ ವಾರ ಎಂದರೆ "ಜುಮೇರಾತ್" ಎಂದ. ಅದು 'ಜುಮ್ಮೆ ಕೀ ರಾತ್' ಎಂದು ಕೇಳಿಸಿ ಶುಕ್ರವಾರ ರಾತ್ರಿ ಎಂದು ಟೈಪಾಯಿತು. ಅದನ್ನು ತಿದ್ದಿಸಿದವರು ಆರೋಪಿಯ ವಕೀಲರೇ. ಉರ್ದು ಬಲ್ಲವರು, ನಗುತ್ತಾ ಎದ್ದು, ಜುಮೇರಾತ್ ಎಂದರೆ ಗುರುವಾರ ಸಾಹೇಬ್ರೆ, ಅವರಲ್ಲಿ ಶುಕ್ರವಾರ ಶುರುವಾಗುವುದೇ ಗುರುವಾರ ಸೂರ್ಯ ಮುಳುಗಿದ ಮೇಲೆ ಎಂದರು. ಸುಮ್ಮನಿದ್ದಿದ್ದರೆ ಅವರ ಕಕ್ಷಿಗಾರನಿಗೆ ಇನ್ನೊಂದು ವಿರೋಧಾಭಾಸ ಪುಕ್ಕಟೆ ಸಿಗುತ್ತಿತ್ತು. ಚಿಕ್ಕಮ್ಮನನ್ನು ಅಳಿಸಿದ ಅದೇ ಮನುಷ್ಯ. ಆವತ್ತಿನಿಂದ ಅವರ ಮೇಲಿನ ನನ್ನ ಸಿಟ್ಟು ಇಳಿಯಿತು. ಅಷ್ಟು ಹೊತ್ತಿಗೆ ಪಂಚ ಬೇರೆಯೇ ಮಾತು ಹೇಳಿ ಮುಗಿಸಿದ್ದ: ತಾನು ಅಂಗಡಿಗೆ ಹೋಗಿಯೇ ಇಲ್ಲ, ಕರೆದಾಗ ಬಂದು ಕಾಗದಕ್ಕೆ ಸಹಿ ಹಾಕಿದ್ದಷ್ಟೇ ಎಂದು.

ನಮ್ಮ ಭಾಷೆಗಳೂ ಕಡಿಮೆಯೇನಲ್ಲ. ಹಿಂದಿಯ 'ಕಲ್' ನಿನ್ನೆಯೂ ಹೌದು ನಾಳೆಯೂ ಹೌದು ಎಂದು ನಾವು ನಗುತ್ತೇವೆ. ಕನ್ನಡದ 'ಮೊನ್ನೆ' ನಿನ್ನೆಯ ಹಿಂದಿನ ದಿನವೂ ಹೌದು, ಮೂರು ತಿಂಗಳ ಹಿಂದಿನ ಮದುವೆಯೂ ಹೌದು. "ಇವತ್ತಿಗೆ ಎಂಟು ದಿನ" ಎಂದರೆ ಏಳು ದಿನ, ಎರಡೂ ತುದಿಯನ್ನು ಎಣಿಸಿ ಎಂಟು. "ಹದಿನೈದು ದಿನ" ಎಂದರೆ ಎರಡು ವಾರ, ಹದಿನಾಲ್ಕು. ಮರಾಠಿಯಲ್ಲೂ 'ಆಠ ದಿವಸ' ಎಂದರೆ ವಾರವೇ. ಇದನ್ನು ಯಾರಾದರೂ ಅಂಕಿಯಾಗಿ ಬರೆದುಕೊಂಡು ಹಿಂದಕ್ಕೆ ಎಣಿಸಿದರೆ ಪ್ರತಿ ಸಲವೂ ಒಂದು ದಿನ ತಪ್ಪುತ್ತದೆ. ನಿಮ್ಮಲ್ಲಿ ಯಾರಾದರೂ ಮುಂದೆ ದೂರು ಕೊಡುವ ಪ್ರಸಂಗ ಬಂದರೆ ದಯವಿಟ್ಟು "6ರ ಶನಿವಾರ ಮತ್ತು 7ರ ಭಾನುವಾರದ ನಡುವಿನ ರಾತ್ರಿ" ಎಂದು ಉದ್ದಕ್ಕೆ ಬರೆಸಿ. ಒಪ್ಪದಿದ್ದರೆ ಒಪ್ಪುವವರೆಗೆ ಕೂತಿರಿ.

ಕಾಲನಿರ್ಣಯ ಸಿಕ್ಕಿದ್ದು ಅಡುಗೆಮನೆಯಲ್ಲಿ. ಮುಂಬಯಿಯ ಮನೆಗಳಲ್ಲಿ ಅದೊಂದು ಕ್ಯಾಲೆಂಡರ್ ಮಾತ್ರವಲ್ಲ. 1973ರಲ್ಲಿ ಜಯಂತರಾವ್ ಸಾಳಗಾಂವಕರ್ ಶುರು ಮಾಡಿದ ಅದು ಈಗ ಕನ್ನಡದಲ್ಲೂ ಬರುತ್ತದೆ. ಎದುರಿಗೆ ತಿಥಿ, ನಕ್ಷತ್ರ, ಸಂಕಷ್ಟಿಯ ಚಂದ್ರೋದಯ, ಹಿಂದೆ ಓದಲಿಕ್ಕೆ ಏನಾದರೂ. ಚೌಕದೊಳಗಿನ ಖಾಲಿ ಜಾಗ ಗೃಹಿಣಿಯ ಲೆಕ್ಕಪುಸ್ತಕ. ಹಾಲು, ಗ್ಯಾಸು, ಕೆಲಸದವಳ ರಜೆ. ಚಿಕ್ಕಮ್ಮ ಹಳೆಯ ಹಾಳೆಗಳನ್ನು ಎಸೆಯುವುದಿಲ್ಲ, ಸ್ಟೀಲ್ ಡಬ್ಬಗಳ ಕೆಳಗೆ ಹಾಸುತ್ತಾಳೆ. ಬೇಳೆಯ ಡಬ್ಬ ಎತ್ತಿದರೆ 2016ರ ಮಾರ್ಚ್, ಸಕ್ಕರೆಯ ಡಬ್ಬ ಎತ್ತಿದರೆ 2020ರ ಜನವರಿ. ಒಂದು ಭಾನುವಾರ ಪೂರ್ತಿ ಡಬ್ಬಗಳನ್ನು ಇಳಿಸುತ್ತ ಹೋದೆ. ಅವಲಕ್ಕಿಯ ಕೆಳಗೆ 2018ರ ಅಕ್ಟೋಬರ್ ಇತ್ತು, ಒಂದು ಮೂಲೆಗೆ ಎಣ್ಣೆ ಹಿಡಿದು. 4ರಿಂದ 9ರವರೆಗೆ ಆರು ಚೌಕಗಳಲ್ಲಿ ಹಾಲಿಗೆ ಕಾಟು. 6ರಲ್ಲಿ ಸಣ್ಣಕ್ಷರದಲ್ಲಿ "ಮಾವ". 9ರಲ್ಲಿ ಪೆನ್ನು ಒತ್ತಿ ಬರೆದ "ಪೊಲೀಸ್".

ಸಾಕ್ಷಿ ತಾನೇ, ಘಟನೆಯ ಹೊತ್ತಿನಲ್ಲೇ ಬರೆದಿಟ್ಟದ್ದನ್ನು ನೋಡಿ ನೆನಪು ಹಸಿರು ಮಾಡಿಕೊಳ್ಳಬಹುದು ಎಂದು ಹಳೆಯ ಕಾಯ್ದೆಯ 159ನೇ ಕಲಮು ಹೇಳುತ್ತದೆ. ಹಬ್ಬ, ಉಪವಾಸ, ಕಾಲದ ವಿಭಾಗಗಳನ್ನು ಕೋರ್ಟು ತಾನಾಗಿಯೇ ಗಮನಕ್ಕೆ ತೆಗೆದುಕೊಳ್ಳಬಹುದು ಎಂದು 57ನೆಯದು. 1858ರಲ್ಲಿ, ಇನ್ನೂ ಅಧ್ಯಕ್ಷನಾಗಿರದ ಅಬ್ರಹಾಂ ಲಿಂಕನ್ ಇಲಿನಾಯ್ಸಿನ ಕೊಲೆ ಕೇಸೊಂದರಲ್ಲಿ ಪಂಚಾಂಗ ತೆರೆದು, ಸಾಕ್ಷಿ ಹೇಳಿದ ಹೊತ್ತಿಗೆ ಚಂದ್ರ ನೆತ್ತಿಯ ಮೇಲೆ ಇರಲೇ ಇಲ್ಲ ಎಂದು ತೋರಿಸಿ ಆರೋಪಿಯನ್ನು ಬಿಡಿಸಿದ್ದ. ಇದನ್ನು ನಾನು ಸರ್ಕಾರಿ ವಕೀಲರಿಗೆ ಉತ್ಸಾಹದಿಂದ ಹೇಳಿದೆ. ಅವರು ನನ್ನನ್ನು ನೋಡಿ, "ಕಾಗದ ಕೊಡಿ" ಎಂದಷ್ಟೇ ಹೇಳಿದರು. ಆದರೆ ಅರ್ಜಿ ಹಾಕಿದರು. 2023ರ ಮಳೆಗಾಲದಲ್ಲಿ ಚಿಕ್ಕಮ್ಮನನ್ನು ಮತ್ತೆ ಕರೆದರು.

ಈ ಸಲ ಅವಳು ಎಣ್ಣೆ ಹಿಡಿದ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ನಿಂತಳು. ರೈಲು ಟಿಕೆಟಿನ ಮುದ್ರಿತ ಪ್ರತಿಯೂ ಸಿಕ್ಕಿತ್ತು. ಅಮಾವಾಸ್ಯೆಯ ದಿನ ಪ್ರಯಾಣ ಬೇಡ ಎಂದು ತಾನು ಹೇಳಿದ್ದು, 8ಕ್ಕೆ ಬಿಟ್ಟರೆ ಬೇರೆ ದಿನ ಟಿಕೆಟ್ ಇಲ್ಲ ಎಂದು ಗಂಡ ಬೈದದ್ದು, ಎಲ್ಲ ಹೇಳಿದಳು. ಅಷ್ಟು ಬೇಡಮ್ಮ ಎಂದರು ಮ್ಯಾಜಿಸ್ಟ್ರೇಟರು. ಆರೋಪಿಯ ವಕೀಲರು ಒಳ್ಳೆಯ ಪ್ರಶ್ನೆಯನ್ನೇ ಕೇಳಿದರು: "ನೀವು ಊರಿನಲ್ಲಿದ್ದಾಗ ಇಲ್ಲಿ ಕಾಟು ಹಾಕಿದ್ದು ಯಾರು? ಆಮೇಲೆ ಕೇಸಿಗಾಗಿ ಹಾಕಿದ್ದಲ್ಲವೇ?"

ಚಿಕ್ಕಮ್ಮ ಅವರನ್ನು ಪಾಪ ಎಂಬಂತೆ ನೋಡಿದಳು. ಹೋಗುವ ಮೊದಲೇ ಹಾಕಿದ್ದು, ಹಾಲಿನ ಭಯ್ಯಾಗೆ ತೋರಿಸಿ. ಇಲ್ಲದಿದ್ದರೆ ಆರು ದಿನದ ದುಡ್ಡು ಅವನು ತಗೊಳ್ಳುವುದಿಲ್ಲವೇ? ಟೈಪ್ ಮಾಡುತ್ತಿದ್ದ ಹುಡುಗಿ ನಕ್ಕುಬಿಟ್ಟಳು. ಅವಳ ಮನೆಯಲ್ಲೂ ಅಂಥದ್ದೇ ಚೌಕಗಳಿರಬೇಕು.

ತೀರ್ಪು ಬಂದದ್ದು 2024ರಲ್ಲಿ. ಇಬ್ಬರೂ ಬಿಡುಗಡೆ. ಪಂಚ ಕೈಕೊಟ್ಟಿದ್ದರಿಂದ ಬಳೆ ಹುಡುಗನ ಮೂಲಕವೇ ಸಿಕ್ಕಿತು ಎನ್ನುವುದು ಸಾಬೀತಾಗಲಿಲ್ಲ. ದೀಪವಿಲ್ಲದ ಗೇಟಿನಲ್ಲಿ ಮುಖ ನೋಡಿದೆ ಎಂಬ ಮಾತೊಂದೇ ಸಾಲದು. ಅಂಗಡಿಯವನು ಪುಸ್ತಕದಲ್ಲಿ ಬರೆದುಕೊಂಡೇ ಕೊಂಡಿದ್ದಾನೆ, ಕಳವಿನದು ಎಂದು ಅವನಿಗೆ ಗೊತ್ತಿತ್ತು ಎನ್ನಲು ಆಧಾರವಿಲ್ಲ. ಅಂಗಡಿಯವನ ವಿಷಯದಲ್ಲಿ ನನಗೆ ಇವತ್ತಿಗೂ ಸಮಾಧಾನವಿಲ್ಲ, ಯಾರಿಗೂ ಸಿಗದ ಹೆಸರು ಬರೆದುಕೊಳ್ಳುವುದು ವ್ಯಾಪಾರವಲ್ಲ. ಹುಡುಗನ ವಿಷಯದಲ್ಲಿ ಮ್ಯಾಜಿಸ್ಟ್ರೇಟರು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಅವನು ಕದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಜಾಮೀನು ಸಿಗುವ ಮೊದಲು ಮೂರು ತಿಂಗಳು ಒಳಗಿದ್ದ. ಆಮೇಲೆ ಐದು ವರ್ಷ, ಯಾವ ಊರಿನಲ್ಲಿ ಬಣ್ಣ ಹೊಡೆಯುತ್ತಿದ್ದರೂ, ಕೇಸಿನ ದಿನ ಬಂದು ನಿಂತಿದ್ದ. ಒಂದೇ ಬೆಂಚು, ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ಚಿಕ್ಕಮ್ಮ. ಮೂರನೆಯದೋ ನಾಲ್ಕನೆಯದೋ ಸಲ ಅವಳು ಅವನಿಗೂ ಒಂದು ಚಕ್ಕುಲಿ ಕೊಟ್ಟಳು. ನಾನು ಯಾಕೆ ಎಂದು ಕೇಳಲಿಲ್ಲ.

ತೀರ್ಪನ್ನು ನಾನು ಅವಳಿಗೆ ಕನ್ನಡದಲ್ಲಿ ಓದಿ ಹೇಳಿದೆ. ಬಿಡುಗಡೆಯ ಭಾಗಕ್ಕೆ ಅವಳು ಹೂಂ ಎನ್ನಲೂ ಇಲ್ಲ. ಹನ್ನೊಂದನೇ ಪ್ಯಾರಾದಲ್ಲಿ ಒಂದು ಸಾಲಿತ್ತು. ಎರಡನೇ ಸಾಕ್ಷಿಯ ಹೇಳಿಕೆಯಲ್ಲಿ ತಾರೀಕಿನ ಬಗ್ಗೆ ಬಂದ ವ್ಯತ್ಯಾಸಕ್ಕೆ ಸಮರ್ಪಕ ವಿವರಣೆ ಸಿಕ್ಕಿದೆ, ಆಕೆಯ ಪ್ರಾಮಾಣಿಕತೆಯನ್ನು ಶಂಕಿಸಲು ಕಾರಣವಿಲ್ಲ, ಕಳವು ನಡೆದದ್ದು ನಿಜ ಎಂದು. "ಅದನ್ನ್ ಇನ್ನೊಂದ್ ಸಲ ಓದು" ಎಂದಳು. ಓದಿದೆ. ಆ ಹಾಳೆಯನ್ನು ಅವಳು ಬೇರೆ ಇಟ್ಟುಕೊಂಡಿದ್ದಾಳೆ. ಡಬ್ಬದ ಕೆಳಗಲ್ಲ.

ಬಳೆ ಮೊದಲೇ ಅವಳ ಕೈಗೆ ಬಂದಿತ್ತು. ಕಳವಿನ ಮಾಲನ್ನು ಠಾಣೆಯಲ್ಲಿ ವರ್ಷಗಟ್ಟಲೆ ಕೊಳೆಹಾಕಬೇಡಿ, ಫೋಟೋ ತೆಗೆದು, ಪಂಚನಾಮೆ ಮಾಡಿ, ಮುಚ್ಚಳಿಕೆ ಬರೆಸಿಕೊಂಡು ವಾರಸುದಾರರಿಗೆ ಕೊಡಿ ಎಂದು ಸುಪ್ರೀಂ ಕೋರ್ಟು 2002ರಲ್ಲೇ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಎಲ್ಲರಿಗೂ ಅದು ಸಿಕ್ಕಿಲ್ಲ. ಕೊಲಾಬಾದ ಹೆಸರಾಂತ ಶರ್ಟಿನಂಗಡಿಯ ಮನೆತನದಿಂದ 1998ರಲ್ಲಿ ದರೋಡೆಯಾದ ಚಿನ್ನ ಅವರಿಗೆ ಮರಳಿದ್ದು 2022ರ ಜನವರಿಯಲ್ಲಿ. ಸಿಕ್ಕಿಬಿದ್ದ ಮೂವರು 1999ರಲ್ಲೇ ಬಿಡುಗಡೆಯಾಗಿದ್ದರು, ಉಳಿದವರು ಸಿಗಲಿಲ್ಲ ಎಂದು ಮಾಲು ಕಾದು ಕೂತಿತ್ತು. 13 ಲಕ್ಷದ ಚಿನ್ನ ಅಷ್ಟರಲ್ಲಿ 8 ಕೋಟಿ ಮೀರಿತ್ತು. ನಮ್ಮದು ನಾಲ್ಕು ಬಳೆ. ಕರೆದಾಗ ಹಾಜರುಪಡಿಸುತ್ತೇನೆ, ಮಾರುವುದಿಲ್ಲ, ರೂಪ ಬದಲಿಸುವುದಿಲ್ಲ ಎಂದು ಚಿಕ್ಕಮ್ಮ ಬರೆದುಕೊಟ್ಟಿದ್ದಳು. ಹಾಗಾಗಿ ಐದು ವರ್ಷ ಆ ನೆಗ್ಗನ್ನೂ ಸರಿಮಾಡಿಸಿರಲಿಲ್ಲ.

ಮೇಲ್ಮನವಿಯ ಅವಧಿ ಮುಗಿದ ಮೇಲೆ ಮುಚ್ಚಳಿಕೆ ರದ್ದು ಮಾಡಿಸಲು ಇಬ್ಬರೂ ಹೋದೆವು. ಫೈಲು ರೆಕಾರ್ಡ್ ರೂಮಿಗೆ ಹೋಗಿದೆ, ತರಿಸಬೇಕು ಎಂದು ಹೇಳಿ ಗುಮಾಸ್ತರು ಮುಂದಿನ ತಿಂಗಳ ಒಂದು ತಾರೀಕು ಚೀಟಿಯಲ್ಲಿ ಬರೆದುಕೊಟ್ಟರು. ಚಿಕ್ಕಮ್ಮ ಚೀಟಿಯನ್ನು ನನ್ನ ಕೈಗೆ ಕೊಟ್ಟು, ಅವತ್ತು ಯಾವ ತಿಥಿ ಬರುತ್ತದೆ ನೋಡು ಎಂದಳು. ಫೋನಿನಲ್ಲಿ ನೋಡಿದೆ. ಏಕಾದಶಿ. "ಹಾಂಗಾರೆ ಬುತ್ತಿ ಬೇಡ, ಬಾಳೆಹಣ್ಣ್ ತಕಂಡ್ ಬಪ್ಪ" ಎಂದು ಚೀಲ ಎತ್ತಿಕೊಂಡು ಮೆಟ್ಟಿಲ ಕಡೆ ಹೊರಟಳು.